ರೇಡಿಯೇಟರ್‌ಗೆ ನೀರು ಹಾಕೋ ಅಜ್ಜನ ಅಭ್ಯಾಸ ಎಲ್ಲಿಂದ ಬಂತು?

ಭಾಗ 1

ನಮ್ಮಜ್ಜನ ಬಲಗೈ ನೋಡಿದ್ರೆ ಮಣಿಕಟ್ಟಿಂದ ಮೊಣಕೈ ತನಕ ಚರ್ಮ ಬೇರೆ ಬಣ್ಣ. ಚಿಕ್ಕವನಿದ್ದಾಗ ಹುಟ್ಟಿನಿಂದಲೇ ಹಂಗೆ ಅಂದ್ಕೊಂಡಿದ್ದೆ. ಅಲ್ಲ, ಅದು ಅಂಬಾಸಿಡರ್ ಕೊಟ್ಟಿದ್ದು. ಹೊಸಪೇಟೆ ಸ್ಟೇಷನ್‌ನಿಂದ ಹಂಪಿಗೆ ಟ್ಯಾಕ್ಸಿ ಓಡಿಸ್ತಿದ್ದ ಕಾಲ. ಒಂದು ಏಪ್ರಿಲ್ ಮಧ್ಯಾಹ್ನ ಅನಂತಶಯನಗುಡಿ ರೈಲ್ವೆ ಗೇಟಲ್ಲಿ ನಿಂತಾಗ ಗಾಡಿ ಕುದಿಯೋಕೆ ಶುರುವಾಯ್ತಂತೆ. ಇಳಿದು, ಕೈಗೆ ಟವೆಲ್ ಸುತ್ಕೊಂಡು ರೇಡಿಯೇಟರ್ ಮುಚ್ಚಳ ತಿರುವಿದ್ರು. ಕುದಿನೀರು ಚಿಮ್ಮಿತು.

ಆದ್ರೂ ಡಿಕ್ಕಿಯಲ್ಲಿ ನೀರಿನ ಕ್ಯಾನ್ ಇಡೋದು ಬಿಡಲಿಲ್ಲ. ಈಗಲೂ ಕಾರು ಬಿಸಿಯಾದ್ರೆ ಅವರ ಬಾಯಿಂದ ಬರೋ ಮೊದಲ ಮಾತು "ನೀರ್ ಹಾಕಲೇ!" ಆ ಮಾತಿಂದ ಹೋದ ವರ್ಷ ನಮ್ಮನೆಗೆ ದೊಡ್ಡ ಬಿಲ್ ಬಂತು. ಅದನ್ನ ಕೊನೇಲಿ ಹೇಳ್ತೀನಿ. ಮೊದಲು ಅಜ್ಜನ ಪರವಾಗಿ ಸ್ವಲ್ಪ ವಾದ ಮಾಡ್ಬೇಕು.

ಭಾಗ 2

1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್‌ಗೆ ಅರ್ಜಿ ಹಾಕಿದ ಮೂರು ಚಕ್ರದ ಗಾಡಿಯಲ್ಲಿ ಇವತ್ತಿನಂಥ ರೇಡಿಯೇಟರ್ ಇರಲಿಲ್ಲ. ಇಂಜಿನ್ ಸುತ್ತ ನೀರು; ಆ ನೀರು ಕುದಿದು ಆವಿಯಾಗಿ ಹೋಗ್ತಾ ಬಿಸಿಯನ್ನೂ ಹೊತ್ಕೊಂಡು ಹೋಗ್ತಿತ್ತು. ಅಂದ್ರೆ ಕುದಿಯೋದು ಅವತ್ತು ರೋಗ ಅಲ್ಲ, ವ್ಯವಸ್ಥೆಯೇ ಅದು. 1888ರ ಆಗಸ್ಟ್‌ನಲ್ಲಿ ಅವನ ಹೆಂಡತಿ ಬರ್ಥಾ ಇಬ್ಬರು ಗಂಡುಮಕ್ಕಳನ್ನ ಕೂರಿಸ್ಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ ಸುಮಾರು 100 ಕಿ.ಮೀ. ಓಡಿಸಿದಾಗ, ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ ನೀರು ತುಂಬಿಸಬೇಕಾಯ್ತು. ಮೋಟಾರು ಚರಿತ್ರೆಯ ಮೊದಲ ದೂರ ಪ್ರಯಾಣದಲ್ಲೇ ನಮ್ಮಜ್ಜನ ಕ್ಯಾನ್ ಐತೆ ನೋಡ್ರಿ.

1900ರ ಹೊತ್ತಿಗೆ ವಿಲ್ಹೆಲ್ಮ್ ಮೇಬ್ಯಾಕ್ ಮರ್ಸಿಡಿಸ್‌ಗಾಗಿ ಜೇನುಗೂಡಿನಂಥ ರೇಡಿಯೇಟರ್ ಮಾಡಿದ. 8,070 ಸಣ್ಣ ಕೊಳವೆ, ಅವುಗಳ ಒಳಗೆ ಗಾಳಿ, ಸುತ್ತ ನೀರು. ಕಡಿಮೆ ನೀರಲ್ಲೇ ಕೆಲಸ ಆಗೋಕೆ ಶುರುವಾಯ್ತು. ಆಮೇಲೆ ಬಂದ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ಬಹುಪಾಲಿಗೆ ವಾಟರ್ ಪಂಪೇ ಇಲ್ಲ. ಬಿಸಿ ನೀರು ಮೇಲೇರುತ್ತೆ, ತಣ್ಣೀರು ಕೆಳಗಿಳಿಯುತ್ತೆ, ಅಷ್ಟೇ. ಕಂಪ್ಲಿ ಕಡೆ ವಿಜಯನಗರ ಕಾಲದ ಕಾಲುವೆಗಳಲ್ಲಿ ನೀರನ್ನ ಯಾರೂ ದೂಡಲ್ಲ, ಇಳಿಜಾರೇ ಹರಿಸುತ್ತೆ. ಇಂಜಿನ್‌ನಲ್ಲಿ ಇಳಿಜಾರಿನ ಕೆಲಸ ಬಿಸಿ ಮಾಡ್ತಿತ್ತು. ಆದ್ರೆ ಕಾಲುವೆಯಲ್ಲಿ ನೀರು ಇಳಿದ್ರೆ ತೂಬಿಗೆ ಹತ್ತಲ್ಲ. ಆ ಕಾರಲ್ಲೂ ನೀರು ಕಮ್ಮಿಯಾದ್ರೆ ಸುತ್ತಾಟವೇ ನಿಲ್ತಿತ್ತು. ಹಂಗಾಗಿ ನೀರು ಹಾಕು ಅನ್ನೋದು ಸರಿಯಾದ ಮಾತೇ ಆಗಿತ್ತು.

ಭಾಗ 3

ಅಂಬಾಸಿಡರ್ 1957ರಿಂದ 2014ರ ತನಕ ತಯಾರಾಯ್ತು. ಅದರಲ್ಲಿ ಪಂಪ್ ಇತ್ತು, ಥರ್ಮೋಸ್ಟಾಟ್ ಕೂಡ ಇತ್ತು. ಇಂಜಿನ್ ಕಾಯುವ ತನಕ ನೀರನ್ನ ರೇಡಿಯೇಟರ್‌ಗೆ ಬಿಡದೆ ತಡೆಯೋ ವಾಲ್ವ್ ಅದು. "ನಮ್ಮ ಬಿಸಿಲಿಗೆ ಇದ್ಯಾಕೆ ಬೇಕು" ಅಂತ ಎಷ್ಟೋ ಮೆಕ್ಯಾನಿಕ್‌ಗಳು ಕಿತ್ತು ಬಿಸಾಕ್ತಿದ್ರು. ಬಳ್ಳಾರಿ ಕಡೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತಾರಲ್ಲ! ಇಂಜಿನ್ ತೂಕದ ಬೀಡುಕಬ್ಬಿಣದ್ದು, ತಡ್ಕೊಂತಿತ್ತು.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಕರೆಂಟ್ ಫ್ಯಾನ್ ಮನೆಮನೆಗೆ ಬಂತು. ಮುಂದೆ ಅಲ್ಯೂಮಿನಿಯಂ ಇಂಜಿನ್ ಸಾಮಾನ್ಯವಾಯ್ತು. ಇದಕ್ಕೆ ಬೋರ್‌ವೆಲ್ ನೀರು ಆಗಲ್ಲ. ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕೂರುತ್ತಲ್ಲ, ಅದೇ ಒಳಗೆ ಕೂತ್ಕೊಳ್ಳುತ್ತೆ. ಕೂಲೆಂಟ್‌ನಲ್ಲಿರೋ ರಾಸಾಯನಿಕ ತುಕ್ಕು ತಡೆಯುತ್ತೆ, ಕುದಿಯೋ ಮಟ್ಟವನ್ನೂ ಏರಿಸುತ್ತೆ. ಮುಚ್ಚಳದ ಒತ್ತಡ ಕುಕ್ಕರ್ ಥರ. 100 ಡಿಗ್ರಿ ದಾಟಿದ್ರೂ ಒಳಗೆ ಕುದಿಯಲ್ಲ. ತೆಗೆದ ಕ್ಷಣ ಕುದಿಯುತ್ತೆ. ಅಜ್ಜನ ಕೈ ನೆನಪಿರಲಿ.

ಭಾಗ 4 (ಇದನ್ನ ಸೇವ್ ಮಾಡ್ಕೊಳ್ರಿ)

ಮನೇಲೇ ನೋಡೋದು ಹೆಂಗೆ? ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿದ್ದಾಗ ಬಾನೆಟ್ ಎತ್ರಿ.

ಎಲ್ಲಕ್ಕಿಂತ ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳ್ಕೊಳ್ರಿ: ಯಾವಾಗ ಬಿಸಿಯಾಗುತ್ತೆ? ಹಂಪಿ ಜಾತ್ರೆ ಟ್ರಾಫಿಕ್‌ನಲ್ಲಿ ನಿಂತಾಗ ಮುಳ್ಳು ಏರಿ, ಹೈವೇಗೆ ಬಂದ್ರೆ ಇಳಿದ್ರೆ ಅನುಮಾನ ಫ್ಯಾನ್ ಮೇಲೆ. ಸಂಡೂರು ಏರು ಹತ್ತೋವಾಗ, ವೇಗದಲ್ಲಿ ಏರಿದ್ರೆ ರೇಡಿಯೇಟರ್ ಕಟ್ಟಿರಬಹುದು, ಇಲ್ಲ ಪಂಪ್ ಸೋತಿರಬಹುದು.

ಕೂಲೆಂಟ್ ಡಬ್ಬಿ ನೋಡ್ರಿ, ಮಿನ್-ಮ್ಯಾಕ್ಸ್ ಗೆರೆ ಮಧ್ಯೆ ಇರಬೇಕು. ಕಮ್ಮಿ ಇದ್ರೆ ಎಲ್ಲೋ ಹೋಗಿದೆ: ಗಾಡಿ ನಿಂತ ಜಾಗದಲ್ಲಿ ಕಲೆ, ಪೈಪಿನ ಕ್ಲಿಪ್ ಹತ್ರ ಒಣಗಿದ ಬಣ್ಣ ಹುಡುಕ್ರಿ. ಸ್ಟಾರ್ಟ್ ಮಾಡಿ ಎಸಿ ಹಾಕಿದ್ರೆ ಸಾಮಾನ್ಯವಾಗಿ ಫ್ಯಾನ್ ತಿರುಗಬೇಕು. ತಿರುಗದಿದ್ರೆ ಫ್ಯೂಸ್ ನೋಡ್ರಿ. ಬೆರಳು ಮಾತ್ರ ಹತ್ರ ಒಯ್ಯಬೇಡ್ರಿ, ಇಂಜಿನ್ ಆಫ್ ಇದ್ದಾಗಲೂ ಅದು ತಿರುಗಬಹುದು. ಇಂಜಿನ್ ಕಾಯ್ತಾ ಬಂದ ಹಾಗೆ ರೇಡಿಯೇಟರ್‌ಗೆ ಹೋಗೋ ಮೇಲಿನ ಪೈಪ್ ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಬಿಸಿಯಾಗಬೇಕು. ಮುಳ್ಳು ಮೇಲೆ, ಪೈಪ್ ತಣ್ಣಗೆ ಅಂದ್ರೆ ಥರ್ಮೋಸ್ಟಾಟ್ ತೆರೆದಿಲ್ಲ.

ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಚಹಾದಂಥ ಕೆನೆ, ಸೈಲೆನ್ಸರ್‌ನಿಂದ ನಿಲ್ಲದ ಬಿಳಿ ಹೊಗೆ ಕಂಡ್ರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಅಲ್ಲಿಗೆ ನಿಮ್ಮ ಕೆಲಸ ಮುಗೀತು, ಗಾಡಿ ಟೋ ಮಾಡ್ಸಿ.

ದಾರಿಯಲ್ಲಿ ಆದ್ರೆ? ಎಸಿ ಆಫ್, ಹೀಟರ್ ಫುಲ್, ಸೈಡಿಗೆ ಹಾಕಿ ಇಂಜಿನ್ ನಿಲ್ಲಿಸಿ. ಕನಿಷ್ಠ ಅರ್ಧ ಗಂಟೆ ಮುಚ್ಚಳ ಮುಟ್ಟಬೇಡ್ರಿ.

ಭಾಗ 5

ನಮ್ಮ ಕಾರಿಗೆ ಏನಾಗಿತ್ತು? ಸಂಡೂರಿನ ಧೂಳು. ನಮ್ಮ ಅಣ್ಣಂದಿರಿಗೆ ನೆನಪಿರುತ್ತೆ, ಚೀನಾ ಅದಿರು ಕೊಳ್ತಿದ್ದ ವರ್ಷಗಳಲ್ಲಿ ಹೊಸಪೇಟೆ-ಸಂಡೂರು ರಸ್ತೆ ತುಂಬ ಲಾರಿ, ಮರದ ಎಲೆಯೂ ಕೆಂಪು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಮುಂದೆ ಷರತ್ತುಗಳ ಮೇಲೆ ಮತ್ತೆ ಶುರುವಾಯ್ತು. ಅಪ್ಪ ದಿನಾ ಅದೇ ದಾರಿ. ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಯಲ್ಲಿ ಕೆಂಪು ಮಣ್ಣು ಗೋಡೆ ಕಟ್ಟಿತ್ತು. ಮುಂದಿಂದ ನೋಡಿದ್ರೆ ಎಲ್ಲ ಚೊಕ್ಕ. ಗಾಳಿ ಮಾತ್ರ ದಾಟ್ತಿರಲಿಲ್ಲ.

ನಾವೇನು ಮಾಡಿದ್ವಿ? ಪ್ರತಿ ಸಲ ಮುಳ್ಳು ಏರಿದಾಗ ನಿಂತು, ಎರಡು ಬಾಟಲ್ ನೀರು. ಐದಾರು ತಿಂಗಳಲ್ಲಿ ಒಳಗೆ ಕೂಲೆಂಟ್ ಅನ್ನೋದೇ ಉಳೀಲಿಲ್ಲ. ಕೊನೆಗೆ ಹೆಡ್ ಬಾಗಿತು. ಅಪ್ಪನ ಒಂದೂವರೆ ತಿಂಗಳ ಸಂಬಳ. ಮೊದಲೇ ಸಣ್ಣ ಒತ್ತಡದ ನೀರಿಂದ ಇಂಜಿನ್ ಕಡೆಯಿಂದ ಹೊರಕ್ಕೆ ತೊಳೆದಿದ್ರೆ ಒಂದು ಭಾನುವಾರದ ಕೆಲಸ.

ಗ್ಯಾರೇಜಲ್ಲಿ ಬಿಚ್ಚಿಟ್ಟ ಹೆಡ್ ಮೇಲೆ ಅಜ್ಜ ಬೆರಳಾಡಿಸಿ ನೋಡಿದ್ರು. "ಇಷ್ಟು ಹಗುರ ಐತಲ್ಲೋ ಇದು" ಅಂದ್ರು, ಅಷ್ಟೇ. ಅವರ ಕ್ಯಾನ್ ಈಗಲೂ ಡಿಕ್ಕಿಯಲ್ಲಿದೆ. ಒಳಗೆ ಮೊದಲೇ ಬೆರೆಸಿದ ಕೂಲೆಂಟ್, ಹಸಿರು ಬಣ್ಣದ್ದು. ಯಾರೂ ಕುಡೀಬಾರ್ದು ಅಂತ ಮೇಲೆ ಮಾರ್ಕರ್‌ನಲ್ಲಿ ಅವರೇ ದಪ್ಪಕ್ಷರದಲ್ಲಿ ಬರೆದಿದ್ದಾರೆ: ವಿಷ.

#ಬಾನೆಟ್‌ಕೆಳಗಿನಇತಿಹಾಸ #ಹೊಸಪೇಟೆ #ಸಂಡೂರು #ಕಂಪ್ಲಿ