ಬಾಬಾಬುಡನ್‌ಗಿರಿಯ ಗುಹೆ

ಮದ್ದೂರು ಸೀಮೆಯ ಬೆಸಗರಹಳ್ಳಿಯಂಥ ಊರುಗಳಲ್ಲಿ, ಬೆಳಗಾದೊಡನೆ ಆಲೆಮನೆಯ ಬೆಲ್ಲ ಹಾಕಿ ಕಾಸುವ ಕಾಫಿಗೂ, ಚಿಕ್ಕಮಗಳೂರಿನ ಉತ್ತರಕ್ಕಿರುವ ಚಂದ್ರದ್ರೋಣ ಪರ್ವತದ ಒಂದು ಗುಹೆಗೂ ಇರುವ ಸಂಬಂಧವನ್ನು ನೆನೆಯುವವರು ವಿರಳ. ಕರ್ನಾಟಕದ ಅತ್ಯುನ್ನತ ಶಿಖರವಾದ, 6,330 ಅಡಿ ಎತ್ತರದ ಮುಳ್ಳಯ್ಯನಗಿರಿಯನ್ನು ಒಳಗೊಂಡು, ಜಾಗರ ಕಣಿವೆಯನ್ನು ಕುದುರೆಯ ಲಾಳದಂತೆ ಬಳಸಿ ನಿಂತಿರುವ ಆ ಗಿರಿಶ್ರೇಣಿಯಲ್ಲಿ, ಹದಿನೇಳನೆಯ ಶತಮಾನದ ಬಾಬಾಬುಡನ್ ಎಂಬ ಸೂಫಿ ಸಂತರು ನೆಲೆಸಿದರೆಂದೂ, ಮೆಕ್ಕಾ ಯಾತ್ರೆಯಿಂದ ಮರಳುವಾಗ ಯೆಮನ್ ದೇಶದ ಮೋಖಾ ರೇವಿನಿಂದ ಏಳು ಕಾಫಿ ಬೀಜಗಳನ್ನು ತಂದು ಇಲ್ಲಿ ಬಿತ್ತಿದರೆಂದೂ ಐತಿಹ್ಯವುಂಟು. ಮೊಳೆಯಬಲ್ಲ ಬೀಜವು ಪರದೇಶಕ್ಕೆ ಹೋಗದಂತೆ ಅರಬ್ ವರ್ತಕರು ಎಚ್ಚರದಿಂದ ಕಾಯುತ್ತಿದ್ದ ಕಾಲವದು. ಆ ಗಿಡಗಳು ಬಹುಕಾಲ ಹಿತ್ತಿಲುಗಳಲ್ಲಿಯೇ ಉಳಿದು, 1830ರ ಸುಮಾರಿಗೆ ಕ್ಯಾನನ್ ಎಂಬ ಆಂಗ್ಲರು ಗಿರಿಯ ದಕ್ಷಿಣಕ್ಕೆ ತೋಟವೆಬ್ಬಿಸಿದ ತರುವಾಯ ವಿಸ್ತಾರವಾದ ಕೃಷಿಯಾಗಿ ಬೆಳೆದುವು.

ಆದರೆ ಗಿರಿಯ ಮಹಿಮೆ ಕಾಫಿಗಿಂತ ಹಿರಿದು. ದಕ್ಷಿಣಾಭಿಮುಖವಾದ ಆ ಗುಹೆಯು ಮುಸಲ್ಮಾನರಿಗೆ, ಬಾಬಾಬುಡನ್ನರ ಗುರುಗಳೆನಿಸಿದ ದಾದಾ ಹಯಾತ್ ಮೀರ್ ಖಲಂದರರ ತಪೋಭೂಮಿ. ಹಿಂದೂಗಳಿಗೆ, ಒಳಹೊಕ್ಕು ಅದೃಶ್ಯನಾದ ದತ್ತಾತ್ರೇಯನ ಪೀಠ. ಶ್ರೀರಂಗಪಟ್ಟಣದಿಂದ ಆಳಿದ ಹೈದರ್ ಅಲಿ, ಟಿಪ್ಪು ಸುಲ್ತಾನರೂ, ಅವರ ಬಳಿಕ ಮೈಸೂರಿನ ಒಡೆಯರೂ ಈ ಕ್ಷೇತ್ರವನ್ನು ಸಮಾನವಾಗಿ ಗೌರವಿಸಿದರು. ಸಜ್ಜಾದೆ ನಶೀನರೆಂಬ ಪೀಠಾಧಿಕಾರಿಗಳ ಆಡಳಿತದಲ್ಲಿ, ಗುಹೆಯ ಸೇವೆ ಮಾಡುವ ಮುಜಾವರರು ದತ್ತಾತ್ರೇಯನ ಪಾದುಕೆಗಳಿಗೆ ಹೂವಿಟ್ಟು, ನಂದಾದೀಪವನ್ನು ಬೆಳಗಿ, ಬಂದ ಭಕ್ತರಿಗೆಲ್ಲ, ಹಿಂದೂವಾಗಲಿ ಮುಸಲ್ಮಾನನಾಗಲಿ, ಅದೇ ಕೈಯಿಂದ ತೀರ್ಥವನ್ನು ಕೊಡುತ್ತಿದ್ದರು. ಗುಹೆಯೊಳಗಿನ ಗೋರಿಗಳಿಗೆ ಉರುಸಿನಲ್ಲಿ ಗಂಧವೇರುತ್ತಿತ್ತು. ಪಾದುಕೆಗೆ ಕೈಮುಗಿದವನೂ ಗೋರಿಗೆ ತಲೆಬಾಗಿದವನೂ ಒಂದೇ ಬಾಗಿಲಿನಿಂದ ಹೊರಬರುತ್ತಿದ್ದರು.

ಕ್ಷೇತ್ರದ ಒಡೆತನದ ವಿವಾದವು ನ್ಯಾಯಾಲಯವನ್ನೇರಿದ ಮೇಲೆ, 1975ರ ಜೂನ್ ತಿಂಗಳಿಗೆ ಹಿಂದೆ ನಡೆದುಬಂದ ಈ ಆಚರಣೆಗಳನ್ನು ಮುಜರಾಯಿ ಇಲಾಖೆಯ ಆಯುಕ್ತರು 1989ರ ತಮ್ಮ ಆದೇಶದಲ್ಲಿ ಒಂದೊಂದಾಗಿ ದಾಖಲಿಸಿದರು. ಒಂದು ಸ್ಥಳವನ್ನು ಹಂಚಿಕೊಳ್ಳುವುದಕ್ಕೂ, ಪಾಲುಮಾಡಿಕೊಳ್ಳುವುದಕ್ಕೂ ಅಂತರವುಂಟೆಂಬುದನ್ನು ನಮ್ಮ ಪೂರ್ವಿಕರು, ಯಾವ ಶಾಸ್ತ್ರಚರ್ಚೆಯೂ ಇಲ್ಲದೆ, ನಡೆದು ತೋರಿಸಿದ್ದರು. ಈ ಗಿರಿಯು ಯಾರದೆಂದು ಕೇಳುವವರು, ಅಲ್ಲಿ ಶತಮಾನಗಳ ಕಾಲ ಏನು ನಡೆಯುತ್ತಿತ್ತೆಂಬುದನ್ನು ಮೊದಲು ತಿಳಿಯಲಿ. ತಿಳಿದ ಮೇಲೆ, ಆ ನಡಾವಳಿಯನ್ನು ಉಳಿಸುವುದೇ ಕನ್ನಡಿಗರಾದ ನಮ್ಮೆಲ್ಲರ ಕರ್ತವ್ಯವಾಗಲಿ.