ಪ್ರಭು ಮನೆತನದ ಪಾದ್ರಿಗಳು: ಡೆರಿಯಿಂದ ಡರ್ವೆಸ್ಟನ್‌ವರೆಗೆ

18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಪ್ರಭುಗಳ ಮನೆಯ ಪದವಿಯೂ ಜಮೀನೂ ಹಿರಿಮಗನಿಗೆ ಹೋಗುತ್ತಿದ್ದವು. ತಮ್ಮಂದಿರಿಗೆ ಉಳಿಯುತ್ತಿದ್ದುದು ಸೈನ್ಯ, ವಕೀಲಿ ಅಥವಾ ಆಂಗ್ಲಿಕನ್ ಚರ್ಚು. ಊರಿಗೆ ಪಾದ್ರಿಯನ್ನು ನೇಮಿಸುವ ಹಕ್ಕು ಬಹಳಷ್ಟು ಕಡೆ ಜಮೀನ್ದಾರನದೇ; ಹೊಲಗದ್ದೆಯ ಹಾಗೆ ಅದನ್ನು ಮಾರಬಹುದಿತ್ತು, ಮಕ್ಕಳಿಗೆ ಬಿಟ್ಟುಹೋಗಬಹುದಿತ್ತು. ರೈತರ ಬೆಳೆಯ ದಶಾಂಶ ಪಾದ್ರಿಯ ವರಮಾನ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಅಧಿಕಾರ ನಡೆಸಿದ ಆರ್ಥರ್ ವೆಲ್ಲೆಸ್ಲಿ ನಮಗೆ ಗೊತ್ತು, ಗವರ್ನರ್ ಜನರಲ್ ಆಗಿದ್ದ ಅವನ ಅಣ್ಣ ರಿಚರ್ಡನೂ ಗೊತ್ತು. ಅದೇ ಮನೆಯ ಜೆರಾಲ್ಡ್ ಲಂಡನ್ನಿನ ಚೆಲ್ಸಿಯಲ್ಲಿ ಪಾದ್ರಿಯಾಗಿದ್ದ.

ಈ ವ್ಯವಸ್ಥೆಯ ಬೆಡಗನ್ನೂ ಬಿರುಕನ್ನೂ ಒಟ್ಟಿಗೆ ತೋರುವವನು ಫ್ರೆಡರಿಕ್ ಹರ್ವೆ. 1730ರಲ್ಲಿ ಹುಟ್ಟಿದ, ಪ್ರಭು ಮನೆಯ ಮೂರನೆಯ ಮಗ. ಅಣ್ಣ ಐರ್ಲೆಂಡಿನ ವೈಸ್‌ರಾಯ್ ಆಗಿದ್ದುದರಿಂದ 1767ರಲ್ಲಿ ಕ್ಲೋಯ್ನ್ ಬಿಷಪ್ ಪದವಿ ಒಲಿಯಿತು. ಮರುವರ್ಷವೇ ಇನ್ನೂ ಶ್ರೀಮಂತವಾದ ಡೆರಿ. ಅಣ್ಣಂದಿರಿಬ್ಬರೂ ತೀರಿಕೊಂಡು 1779ರಲ್ಲಿ ಬ್ರಿಸ್ಟಲ್‌ನ ಅರ್ಲ್ ಪಟ್ಟವೂ ಬಂತು. ಅವನನ್ನು ಬರೀ ವಿಲಾಸಿ ಎಂದು ತಳ್ಳಿಹಾಕುವುದು ಅನ್ಯಾಯ. ಕ್ಯಾಥಲಿಕರಿಗೂ ಮತದಾನದ ಹಕ್ಕು ಬೇಕೆಂದು 1783ರಲ್ಲಿ ಡಬ್ಲಿನ್ನಿನ ಸ್ವಯಂಸೇವಕ ದಳಗಳ ಸಮಾವೇಶದಲ್ಲಿ ವಾದಿಸಿದ್ದ. ಅವನ ಮಾತು ಗೆಲ್ಲಲಿಲ್ಲ. ಡೌನ್‌ಹಿಲ್‌ನ ಕಡಲಂಚಿನ ಕಡಿದಾದ ಬಂಡೆಯ ಮೇಲೆ ಅವನು ಕಟ್ಟಿಸಿದ ಮಸೆಂಡನ್ ಟೆಂಪಲ್ ಇಂದಿಗೂ ನಿಂತಿದೆ. ರೋಮನ್ ಗುಡಿಯ ಮಾದರಿಯ ಆ ದುಂಡು ಕಟ್ಟಡದಲ್ಲಿ ಮೇಲೆ ಅವನ ಪುಸ್ತಕಗಳು. ಕೆಳಗಿನ ಕೋಣೆಯನ್ನು ಅವನು ಕ್ಯಾಥಲಿಕರ ಪೂಜೆಗೆ ಬಿಟ್ಟುಕೊಟ್ಟಿದ್ದ. ಆ ಕಾಲದ ಐರ್ಲೆಂಡಿನಲ್ಲಿ ಒಬ್ಬ ಆಂಗ್ಲಿಕನ್ ಬಿಷಪ್ ಹೀಗೆ ಮಾಡುವುದು ಸಣ್ಣ ಮಾತಲ್ಲ. ಆದರೆ 1791ರಲ್ಲಿ ಯೂರೋಪಿಗೆ ಹೊರಟವನು ಮತ್ತೆ ಡೆರಿಗೆ ಮರಳಲಿಲ್ಲ. ಬಿಷಪ್ ಪದವಿಯನ್ನು ಮಾತ್ರ ಬಿಡಲಿಲ್ಲ. ಇಟಲಿಯಲ್ಲಿ ಚಿತ್ರ, ಶಿಲ್ಪಗಳನ್ನು ಕೊಳ್ಳುತ್ತಾ ಅಲೆದ, ಫ್ರೆಂಚರ ಸೆರೆಯಲ್ಲೂ ಇದ್ದ, 1803ರಲ್ಲಿ ಆಲ್ಬಾನೊ ಬಳಿ ಪ್ರಯಾಣದಲ್ಲಿದ್ದಾಗಲೇ ಸತ್ತ. ಪಾದ್ರಿಯನ್ನು ಅಳೆಯಬೇಕಾದುದು ಅವನು ತನ್ನ ಜನರ ನಡುವೆ ಬದುಕಿದನೇ ಎಂಬುದರಿಂದ ಎಂದು ನಂಬುವ ನನಗೆ, ಇಷ್ಟು ದೊಡ್ಡ ಮನಸ್ಸಿನವನ ಈ ಗೈರುಹಾಜರಿ ಬಹಳ ನೋವಿನದು.

ಅವನೊಬ್ಬನೇ ಹಾಗಿರಲಿಲ್ಲ. ಬ್ರಿಜ್‌ವಾಟರ್‌ನ ಎಂಟನೆಯ ಅರ್ಲ್ ಫ್ರಾನ್ಸಿಸ್ ಎಗರ್ಟನ್ ಶ್ರಾಪ್‌ಶೈರ್‌ನ ಪ್ಯಾರಿಷ್‌ಗಳನ್ನು, ಅಂದರೆ ಪಾದ್ರಿಯ ಊರುಗಳನ್ನು, ಕೈಯಲ್ಲಿಟ್ಟುಕೊಂಡೇ ಪ್ಯಾರಿಸ್ಸಿನಲ್ಲಿ ವಾಸಿಸಿ 1829ರಲ್ಲಿ ತೀರಿಕೊಂಡ. ಸೃಷ್ಟಿಯಲ್ಲಿ ದೇವರ ಮಹಿಮೆಯನ್ನು ನಿರೂಪಿಸುವ ಗ್ರಂಥಗಳಿಗೆಂದು 8,000 ಪೌಂಡು ಬಿಟ್ಟುಹೋದ. ಇಂಥವರ ಊರುಗಳಲ್ಲಿ ನಾಮಕರಣ, ಮದುವೆ, ಮಣ್ಣುಗಳ ಕೆಲಸವೆಲ್ಲ ಅಲ್ಪ ಸಂಬಳದ ಸಹಾಯಕ ಪಾದ್ರಿಯ ಹೆಗಲಿಗೆ.

ಕಾನೂನು ಎಚ್ಚೆತ್ತದ್ದು 1830ರ ದಶಕದಲ್ಲಿ. 1836ರಲ್ಲಿ ಚರ್ಚಿನ ಆಸ್ತಿ, ವರಮಾನಗಳ ಮರುಹಂಚಿಕೆಗೆ ಶಾಶ್ವತ ಆಯೋಗ ಬಂತು. 1838ರ ಕಾಯಿದೆ ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಪ್ಯಾರಿಷ್ ಬೇಡ, ಅವುಗಳ ನಡುವೆ 10 ಮೈಲಿಗಿಂತ ಹೆಚ್ಚು ದೂರವೂ ಬೇಡ ಎಂದಿತು.

ಅದರ ಮುಂದಿನ ಪೀಳಿಗೆಯವನು ಸಿಡ್ನಿ ಗೊಡಾಲ್ಫಿನ್ ಆಸ್ಬರ್ನ್. ಬ್ಯಾರನ್ ಮನೆಯ ಈ ಮೂರನೆಯ ಮಗ 1841ರಿಂದ 1875ರವರೆಗೆ ಡಾರ್ಸೆಟ್‌ನ ಡರ್ವೆಸ್ಟನ್ ಎಂಬ ಹಳ್ಳಿಯ ಪಾದ್ರಿ. ಕೂಲಿಕಾರರ ಗುಡಿಸಲುಗಳ ಒಳಹೊಕ್ಕು ನೋಡಿದವನು. ಹೆತ್ತವರು, ಬೆಳೆದ ಮಕ್ಕಳು ಎಲ್ಲರೂ ಒಂದೇ ಕೋಣೆಯಲ್ಲಿ ಮಲಗುವ ಸ್ಥಿತಿಯನ್ನು 1843ರ ಸರ್ಕಾರಿ ವಿಚಾರಣೆಯ ಮುಂದಿಟ್ಟ. 'ಎಸ್.ಜಿ.ಓ.' ಎಂಬ ಸಹಿಯಲ್ಲಿ 'ದಿ ಟೈಮ್ಸ್'ಗೆ ದಶಕಗಳ ಕಾಲ ಪತ್ರ ಬರೆದ. ಅವನು ಬೈದದ್ದು ತನ್ನದೇ ವರ್ಗದ ಜಮೀನ್ದಾರರನ್ನು. ಕ್ಷಾಮ ಬಡಿದ ಪಶ್ಚಿಮ ಐರ್ಲೆಂಡಿಗೆ ಹೋಗಿ ಕಂಡದ್ದನ್ನು ಪುಸ್ತಕ ಮಾಡಿದ. ಕ್ರಿಮಿಯಾ ಯುದ್ಧದ ವೇಳೆ ಸ್ಕುಟಾರಿ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಜೊತೆ ನಿಂತು ಗಾಯಾಳುಗಳ ಶುಶ್ರೂಷೆಗೆ ನೆರವಾದ. ಪ್ರಭುವಿನ ಮಗ ಎಂಬ ಕಾರಣಕ್ಕೇ ಅವನ ಬಿರುನುಡಿಯನ್ನು ಸುಲಭವಾಗಿ ತಳ್ಳಿಹಾಕಲಾಗಲಿಲ್ಲ ಎಂದೇ ನನ್ನ ಅನಿಸಿಕೆ.

ಇಪ್ಪತ್ತನೆಯ ಶತಮಾನಕ್ಕೆ ಬರುವಾಗ ಇಂಥವರು ವಿರಳ. ಪ್ರಧಾನಿ ಸಾಲ್ಸ್‌ಬರಿಯ ಮಗ ವಿಲಿಯಂ ಸೆಸಿಲ್ ಮನೆತನದ ಊರಾದ ಹ್ಯಾಟ್‌ಫೀಲ್ಡ್‌ನಲ್ಲಿ 28 ವರ್ಷ ಪಾದ್ರಿಯಾಗಿದ್ದು, 1916ರಲ್ಲಿ ಎಕ್ಸೆಟರ್‌ನ ಬಿಷಪ್ ಆದ. ಅವನ ನಾಲ್ವರು ಗಂಡುಮಕ್ಕಳಲ್ಲಿ ಮೂವರನ್ನು ಮೊದಲ ಮಹಾಯುದ್ಧ ನುಂಗಿತು. ನೇಮಕದ ಹಕ್ಕಿನ ಮಾರಾಟಕ್ಕೆ 1923ರ ಕಾನೂನು ಕಡಿವಾಣ ಹಾಕಿತು. ಹಕ್ಕು ಈಗಲೂ ಕೆಲವು ಹಳೆಯ ಮನೆತನಗಳಲ್ಲಿದೆ. ಆದರೆ 1986ರ ಕಾನೂನಿನ ಪ್ರಕಾರ, ಆ ಮನೆತನಗಳು ಸೂಚಿಸಿದ ಪಾದ್ರಿಯನ್ನು ಪ್ಯಾರಿಷ್‌ನ ಪ್ರತಿನಿಧಿಗಳು ಬೇಡವೆನ್ನಬಹುದು.