ಅಂಗಿಯ ಮೇಲಿನ ದಪ್ಪಕ್ಷರ



ನಮ್ಮ ಕ್ರೀಡಾಕೂಟಗಳಲ್ಲಿ ಕಬಡ್ಡಿ, ಖೋಖೋ ತಂಡಗಳ ಅಂಗಿಯ ಮೇಲೆ ಊರಿನ ಹೆಸರು ಇಂಗ್ಲಿಷಿನಲ್ಲಿ, ಮೂಲೆ ಕತ್ತರಿಸಿದಂತಹ ದಪ್ಪಕ್ಷರಗಳಲ್ಲಿ ಇರುವುದನ್ನು ನೀವು ಕಂಡಿರಬಹುದು. ಆ ಅಕ್ಷರಗಳ ವಂಶಾವಳಿ ಬಹು ದೂರದ್ದು. 1865ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡದವರು ತಮ್ಮ ಅಂಗಿಗಳ ಮೇಲೆ ‘ಎಚ್’ ಅಕ್ಷರವನ್ನು ಹಾಕಿಸಿಕೊಂಡರು. ಅದು ಹಳೆಯ ಅಲಂಕಾರದ ಅಕ್ಷರ. ಚಪ್ಪಟೆ ಮೂಲೆಯದು ರೂಢಿಗೆ ಬಂದುದು ತರುವಾಯ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ದಪ್ಪ ಉಣ್ಣೆಯ ಬಟ್ಟೆಯಲ್ಲಿ ಕತ್ತರಿಯು ನೇರವಾಗಿ ಸಾಗುವಷ್ಟು ಸಲೀಸಾಗಿ ಬಾಗಿ ಸಾಗದು. ಇಂಗ್ಲಿಷಿನ ದುಂಡನೆಯ ‘ಓ’ ಸಹ ಅಲ್ಲಿ ಎಂಟು ಮೂಲೆಯದಾಯಿತು.

ಕನ್ನಡಕ್ಕೆ ಈ ಕತ್ತರಿ ಒಗ್ಗುವುದಿಲ್ಲ. ತಾಳೆಗರಿಯ ಮೇಲೆ ಕಂಠದಿಂದ ಕೊರೆದು ದುಂಡಗಾದ ಲಿಪಿ ನಮ್ಮದು. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಶಾಸನಗಳನ್ನು ನೋಡಿರಿ: ಕಲ್ಲಿನಲ್ಲಿಯೂ ಗೆರೆ ತೆಳು, ಸುತ್ತು ತುಂಬು. 1843ರ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಬಂದಿತು, ಅಲ್ಲಿಯೂ ಬರೆಯುವ ಕೈಯ ದುಂಡುತನವೇ ಉಳಿಯಿತು.

ನಮ್ಮ ನಾಲ್ಕು ತಾಲ್ಲೂಕುಗಳ ಹೆಸರುಗಳನ್ನೇ ದಪ್ಪವಾಗಿ ಬರೆದು ನೋಡಿದರೆ ತೊಡಕು ತಿಳಿಯುತ್ತದೆ. ‘ಸವಣೂರು’ ಸುಲಭ. ‘ಹಿರೇಕೆರೂರು’ ದೀರ್ಘಗಳಿಂದಾಗಿ ಅಡ್ಡಕ್ಕೆ ಬೆಳೆಯುತ್ತದೆ. ‘ಹಾನಗಲ್ಲ’, ‘ಶಿಗ್ಗಾಂವಿ’ಗಳಲ್ಲಿ ಒತ್ತಕ್ಷರವು ಕೆಳಗೆ ಇಳಿಯುವುದರಿಂದ ಉಳಿದ ಅಕ್ಷರಗಳನ್ನು ಕುಗ್ಗಿಸಬೇಕಾಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳಾದರೋ ಎಲ್ಲವೂ ಒಂದೇ ಎತ್ತರ. ಇನ್ನು ಗೆರೆ ದಪ್ಪವಾದಂತೆ ಒಳಗಿನ ಬಯಲು ಮುಚ್ಚುತ್ತದೆ: ‘ಷ’ವು ‘ಪ’ವಾಗುತ್ತದೆ, ‘ಧ’ದ ಸೀಳು ಮುಚ್ಚಿ ‘ಧನ’ವು ‘ದನ’ವಾಗುತ್ತದೆ. (ತರಗತಿಯಲ್ಲಿ ಮಹಾಪ್ರಾಣಕ್ಕಾಗಿ ನಾನು ಹಾಕಿಸಿದ ಬಸ್ಕಿಗಳನ್ನು ಮರೆತಿಲ್ಲವಷ್ಟೆ?)

ದನದ ಮಾತಿಗೆ ಬಂದುದರಿಂದ ಹೇಳುತ್ತೇನೆ. ದೀಪಾವಳಿಯಿಂದ ತೊಡಗಿ ನಮ್ಮ ಸೀಮೆಯಲ್ಲಿ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಈ ತೊಡಕು ಯಾರನ್ನೂ ತಡೆಯಲಿಲ್ಲ. ಕೊಬ್ಬರಿ ಹಾರ, ಬಲೂನು, ಜೂಲು ತೊಟ್ಟು ಓಡುವ ಹೋರಿಗೆ ಒಂದು ಬಿರುದಿನ ಹೆಸರು. ಅಭಿಮಾನಿಗಳ ಬ್ಯಾನರುಗಳಲ್ಲಿ, ಅಂಗಿಗಳಲ್ಲಿ ಅದೇ ಹೆಸರು ತುಂಬು ಕನ್ನಡದಲ್ಲಿ. ಪೇಂಟರನ ಕುಂಚವು ಮೂಲೆಗಳನ್ನು ಹುಡುಕದೆ ದುಂಡನ್ನೇ ಉಬ್ಬಿಸಿ, ಪಕ್ಕಕ್ಕೊಂದು ನೆರಳು ಕೊಟ್ಟು ದಪ್ಪವನ್ನು ಸಾಧಿಸಿತು. ಹೋರಿಗೆ ಕನ್ನಡ, ಶಾಲೆಯ ಹುಡುಗನಿಗೆ ಇಂಗ್ಲಿಷ್! ಇದು ನನಗೆ ಸರಿಕಾಣುವುದಿಲ್ಲ.

ಕಂಪ್ಯೂಟರಿನಲ್ಲಿಯೂ ಇದೇ ಹಾದಿ ಫಲಿಸಿದೆ. ಮುಂಬಯಿಯ ‘ಏಕ್ ಟೈಪ್’ ಸಂಸ್ಥೆಯವರು ‘ಬಲೂ’ ಎಂಬ ದಪ್ಪಕ್ಷರದ ಕುಟುಂಬವನ್ನೇ ಕಟ್ಟಿದ್ದಾರೆ. ತಮಿಳಿನದು ತಂಬಿ, ತೆಲುಗಿನದು ತಮ್ಮುಡು, ಗುಜರಾತಿಯದು ಭಾಯ್. ಕನ್ನಡದ್ದು ‘ಬಲೂ ತಮ್ಮ’. ಎಲ್ಲರೂ ಸೋದರರೇ. ಇದು ಉಚಿತವಾಗಿಯೂ ದೊರೆಯುತ್ತದೆ. ಒಳಬಯಲು ಮುಚ್ಚದಂತೆ ಮೈತುಂಬಿಕೊಂಡಿದೆ.

ನಿಮ್ಮಲ್ಲಿ ಯಾರಾದರೂ ಶಾಲೆಯ ತಂಡಕ್ಕೆ ಅಂಗಿ ಮಾಡಿಸಿಕೊಡುವವರಿದ್ದರೆ ಒಮ್ಮೆ ಅದರಲ್ಲಿ ‘ಶಿಗ್ಗಾಂವಿ’ ಎಂದು ಅಚ್ಚು ಹಾಕಿಸಿರಿ. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡುವಂತೆ ಅಚ್ಚಿನವರಿಗೆ ಮುಂಚೆಯೇ ಹೇಳಿರಿ.